ಬೀಗ ಹಾಕಿದ ಮನೆಯೂ ಪರಿಗ್ರಹವೇ

ಒಂದು ಊರಿನ ಏಳಿಗೆಯನ್ನು ಅಳೆಯಲು ಆಡಳಿತಗಾರರು ರಸ್ತೆಯ ಅಗಲವನ್ನೂ ತೆರಿಗೆಯ ವಸೂಲಿಯನ್ನೂ ನೋಡುತ್ತಾರೆ. ಹಳೆಯ ತಲೆಮಾರಿನ ವರ್ತಕರಿಗೆ ಬೇರೊಂದು ಅಳತೆ ಗೊತ್ತಿತ್ತು. ಅಂಗಡಿಗಳ ಬಾಗಿಲು ಮುಚ್ಚಿದ ಮೇಲೆ, ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ, ಪೇಟೆಬೀದಿಯ ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತಿದೆ ಎಂದು ಅವರು ನೋಡುತ್ತಿದ್ದರು. ಹಗಲಿನಲ್ಲಿ ಎಷ್ಟೇ ಜನಜಂಗುಳಿ ಇದ್ದರೂ ರಾತ್ರಿ ಕತ್ತಲಾಗುವ ಪೇಟೆಗೆ ಆಯುಷ್ಯ ಕಡಿಮೆ. ಅಲ್ಲಿ ವ್ಯಾಪಾರಕ್ಕೆ ಬರುವವರು ಇರುತ್ತಾರೆಯೇ ಹೊರತು ಬೀದಿಯನ್ನು ತನ್ನದೆಂದು ಕಾಯುವವರು ಇರುವುದಿಲ್ಲ.

ಮೈಸೂರಿನ ಜವಳಿ ವರ್ತಕರೊಬ್ಬರ ಬಾಳಿನಲ್ಲಿ ಈ ಅಳತೆ ಧರ್ಮದ ಪ್ರಶ್ನೆಯಾಗಿ ಎದುರಾಯಿತು. ಅವರಿಗೆ ಆಗ ಅರವತ್ತು ದಾಟಿತ್ತು. ನಗರದ ಹಳೆಯ ಭಾಗದ ಒಂದು ಕಿರಿದಾದ ಬೀದಿಯಲ್ಲಿ ಅವರ ತಂದೆ ಕಟ್ಟಿಸಿದ ತೊಟ್ಟಿಮನೆಯಿತ್ತು. ಬೀದಿಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ವಾಸ, ಮಹಡಿಯಲ್ಲಿ ಸರಕು. ಅದೇ ಬೀದಿಯ ತುದಿಯಲ್ಲಿ ಬಸದಿ. ಮುಂಜಾನೆ ಬಸದಿಯ ಗಂಟೆ ಕೇಳಿದ ಮೇಲೆಯೇ ಅಂಗಡಿಯ ಬಾಗಿಲು ತೆಗೆಯುವುದು ಆ ಮನೆಯ ಪದ್ಧತಿಯಾಗಿತ್ತು. 1980ರ ದಶಕದಲ್ಲಿ ಕುಟುಂಬವು ಕುವೆಂಪುನಗರದಲ್ಲಿ ಹೊಸ ಮನೆ ಕಟ್ಟಿತು. ಕೆಲವು ವರ್ಷಗಳ ಬಳಿಕ ಅಂಗಡಿಯೂ ಅಗಲವಾದ ರಸ್ತೆಗೆ ಹೋಯಿತು. ತಂದೆಯವರು ತೀರಿಕೊಂಡ ಮೇಲೆ ಹಳೆಯ ಮನೆಗೆ ಬೀಗ ಬಿತ್ತು. ಬೀಗದ ಕೈ ಹೊಸ ಮನೆಯ ಕಬ್ಬಿಣದ ಬೀರುವಿನಲ್ಲಿ, ಪತ್ರಗಳ ಜೊತೆಯಲ್ಲಿ, ಹಲವು ವರ್ಷ ಸುಮ್ಮನೆ ಕುಳಿತಿತ್ತು.

ಮನೆಯನ್ನು ಮಾರಲು ಅವರಿಗೆ ಮನಸ್ಸಿರಲಿಲ್ಲ, ಏಕೆಂದರೆ ಬೆಲೆ ಇನ್ನೂ ಏರುತ್ತಿತ್ತು. ಬಾಡಿಗೆಗೆ ಕೊಡಲು ಧೈರ್ಯವಿರಲಿಲ್ಲ, ಏಕೆಂದರೆ ಒಳಹೊಕ್ಕ ಬಾಡಿಗೆದಾರ ಹೊರಡುವುದಿಲ್ಲವೆಂಬ ಭಯ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಿಂದ ತಂದೆಯಿಂದ ಮಗನಿಗೆ ಬಂದಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 1999ರ ಹೊಸ ಕಾಯ್ದೆ ಬಂದು, 2001ರ ಕೊನೆಗೆ ಜಾರಿಯಾಗಿ, ಒಡೆಯರ ಭಯಕ್ಕಿದ್ದ ಕಾರಣ ಬಹುಮಟ್ಟಿಗೆ ತಗ್ಗಿತ್ತು. ಕಾನೂನು ಬದಲಾದರೂ ಭಯ ಬದಲಾಗಲಿಲ್ಲ. ಭಯವೆಂದು ಹೇಳಿಕೊಂಡದ್ದರ ಒಳಗೆ ಲೋಭವೂ ಇತ್ತೆಂಬುದನ್ನು ಅವರು ಒಪ್ಪಿಕೊಂಡದ್ದು ಬಹಳ ತಡವಾಗಿ.

ಆ ಬೀದಿಯಲ್ಲಿ ಬೀಗ ಬಿದ್ದದ್ದು ಅವರೊಬ್ಬರ ಮನೆಗೆ ಮಾತ್ರವಲ್ಲ. ಮೈಸೂರಿನ ನಡುಪೇಟೆ ಬರಿದಾಗತೊಡಗಿದ್ದಕ್ಕೆ ದೀರ್ಘ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದಾಗ ಜನ ಇಕ್ಕಟ್ಟಾದ ಬೀದಿಗಳನ್ನು ಬಿಟ್ಟು ಬಯಲಿಗೆ ಹೋದರು. ಮುಂದಿನ ಶತಮಾನದ ಆರಂಭದಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹೊಸ ಬಡಾವಣೆಗಳನ್ನು ನಿರ್ಮಿಸತೊಡಗಿತು. ಅದು ಆರೋಗ್ಯಕ್ಕಾಗಿ ಆದ ಒಳ್ಳೆಯ ಕೆಲಸವೇ. ಸ್ವಾತಂತ್ರ್ಯಾನಂತರದ ಬಡಾವಣೆಗಳಾದರೋ ಕಾರು ನಿಲ್ಲಿಸುವ ಅನುಕೂಲಕ್ಕಾಗಿ, ಮಕ್ಕಳ ಶಾಲೆಗಾಗಿ, ಮರ್ಯಾದೆಗಾಗಿ ಜನರನ್ನು ಸೆಳೆದುಕೊಂಡವು. ವಾಸಿಸುವವರು ಹೋದ ಮೇಲೆ ದುರಸ್ತಿ ನಿಂತಿತು. 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ಬಳಿಕ, 2016ರ ಆಗಸ್ಟಿನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ನೆಲಕ್ಕುರುಳಿತು. ಈ ಎರಡನ್ನೂ ಉಳಿಸಬೇಕೆಂಬವರಿಗೂ ಕೆಡವಬೇಕೆಂಬವರಿಗೂ ನಡೆದ ವಾದ ನ್ಯಾಯಾಲಯದ ಮೆಟ್ಟಿಲೇರಿತು. ಆ ಕಟ್ಟಡಗಳು ಸಾರ್ವಜನಿಕರವು. ಅವುಗಳ ವಿಚಾರದಲ್ಲಿ ಸರ್ಕಾರವನ್ನು ದೂರುವುದು ಸುಲಭ. ಖಾಸಗಿಯವರ ನೂರಾರು ಮನೆಗಳು ಸದ್ದಿಲ್ಲದೆ ಕುಸಿಯುತ್ತಿದ್ದುದನ್ನು ಮಾತ್ರ ಯಾವ ಪತ್ರಿಕೆಯೂ ಬರೆಯಲಿಲ್ಲ.

ಬಸದಿಯ ಸ್ಥಿತಿಯೂ ಹಾಗೆಯೇ ಇತ್ತು. ಒಂದು ಕಾಲಕ್ಕೆ ನಿತ್ಯದ ಅಭಿಷೇಕಕ್ಕೆ ಮೂವತ್ತು, ನಲವತ್ತು ಮಂದಿ ಸೇರುತ್ತಿದ್ದಲ್ಲಿ ಪುರೋಹಿತರನ್ನೂ ಸೇರಿಸಿ ನಾಲ್ಕು ಮಂದಿ ಉಳಿದಿದ್ದರು. ಪುರೋಹಿತರೂ ದೂರದ ಬಡಾವಣೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುತ್ತಿದ್ದರು. ಬಸ್ಸು ತಪ್ಪಿದ ದಿನ ಅಭಿಷೇಕ ತಡವಾಗುತ್ತಿತ್ತು. 2018ರಲ್ಲಿ ಟ್ರಸ್ಟಿನ ಸಭೆಯ ಮುಂದೆ ಒಂದು ಪ್ರಸ್ತಾಪ ಬಂತು. ಸಮಾಜ ಬಾಂಧವರೆಲ್ಲ ಇರುವ ಬಡಾವಣೆಯಲ್ಲಿ ಹೊಸ ಬಸದಿ ಕಟ್ಟಿ ಮೂರ್ತಿಗಳನ್ನು ಅಲ್ಲಿಗೆ ಬಿಜಯಂಗೈಸುವುದು, ಹಳೆಯ ಬಸದಿಗೆ ಹೊಂದಿಕೊಂಡ ಛತ್ರವನ್ನು ಕೆಡವಿ ವಾಣಿಜ್ಯ ಸಂಕೀರ್ಣ ಕಟ್ಟಿಸಿ ಅದರ ಆದಾಯದಿಂದ ಹೊಸ ಬಸದಿಯ ಖರ್ಚು ನಡೆಸುವುದು. ಲೆಕ್ಕ ಅಚ್ಚುಕಟ್ಟಾಗಿತ್ತು. ಅದನ್ನು ಬರೆದುಕೊಟ್ಟವರು ಟ್ರಸ್ಟಿನ ಖಜಾಂಚಿಯಾಗಿದ್ದ ಇದೇ ವರ್ತಕರು.

ಆ ವರ್ಷದ ಡಿಸೆಂಬರಿನಲ್ಲಿ ಅವರು ಜವಳಿ ಖರೀದಿಗೆಂದು ಅಹಮದಾಬಾದಿಗೆ ಹೋದರು. ರಾಯಪುರ, ಸಾರಂಗಪುರ ಭಾಗದ ಬಟ್ಟೆ ಮಾರುಕಟ್ಟೆಗಳಿಗೆ ಅವರು ಮೂವತ್ತು ವರ್ಷಗಳಿಂದ ಹೋಗಿ ಬರುತ್ತಿದ್ದರು. ಆದರೆ ಗೋಡೆಯೊಳಗಿನ ಹಳೆಯ ನಗರವನ್ನು ಕಾಲ್ನಡಿಗೆಯಲ್ಲಿ ನೋಡಿದ್ದಿಲ್ಲ. ಈ ಬಾರಿ ಸರಕು ಕಟ್ಟುವುದು ಒಂದು ದಿನ ತಡವಾಯಿತು. ಬೆಳಗಿನ ಎಂಟು ಗಂಟೆಗೆ ಕಾಳುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಜಾಮಾ ಮಸೀದಿಯವರೆಗೆ ನಡೆಸಿಕೊಂಡು ಹೋಗುವ ಪಾರಂಪರಿಕ ನಡಿಗೆಯ ಗುಂಪನ್ನು ಅವರು ಸೇರಿಕೊಂಡರು. ನಗರಪಾಲಿಕೆಯು 1996ರಲ್ಲಿ ಪರಂಪರೆಯ ವಿಭಾಗವೊಂದನ್ನು ತೆರೆದು, 1997ರ ನವೆಂಬರಿನಲ್ಲಿ ಈ ನಡಿಗೆಯನ್ನು ಆರಂಭಿಸಿತ್ತು.

1411ರಲ್ಲಿ ಅಹಮದ್ ಷಾ ಸಾಬರಮತಿಯ ಪೂರ್ವದಂಡೆಯಲ್ಲಿ ಸ್ಥಾಪಿಸಿದ ಈ ನಗರದ ಒಳಭಾಗವು ‘ಪೋಳ್’ ಎಂಬ ಕೇರಿಗಳಿಂದ ತುಂಬಿದೆ. ಪೋಳ್ ಎಂಬ ಮಾತು ಸಂಸ್ಕೃತದ ಪ್ರತೋಲಿಯಿಂದ ಬಂದದ್ದು, ಹೆಬ್ಬಾಗಿಲು ಎಂದರ್ಥ. ಒಂದು ಹೆಬ್ಬಾಗಿಲ ಒಳಗೆ ಇಕ್ಕೆಲಗಳಲ್ಲಿ ಗೋಡೆಗೆ ಗೋಡೆ ಸೇರಿದ ಮನೆಗಳು, ನಡುವೆ ಒಂದು ದೇಗುಲ, ಒಂದು ಬಾವಿ, ಹಕ್ಕಿಗಳಿಗೆ ಕಾಳು ಹಾಕಲು ಎತ್ತರದ ಕಂಬದ ಮೇಲೆ ಕಟ್ಟಿದ ‘ಚಬೂತರೊ’. ಮನೆಗಳಿಗೆ ಕೆತ್ತನೆಯ ಮರದ ಕಂಬ, ನಡುವೆ ತೆರೆದ ಅಂಗಳ, ಅಂಗಳದ ಕೆಳಗೆ ಮಳೆನೀರು ಹಿಡಿದಿಡುವ ‘ಟಾಂಕಾ’. ತೊಟ್ಟಿಮನೆಯಲ್ಲಿ ಹುಟ್ಟಿ ಬೆಳೆದ ವರ್ತಕರಿಗೆ ಇವೆಲ್ಲ ಪರಿಚಿತವೆನಿಸಿದವು. ದೋಶೀವಾಡಾ ಎಂಬ ಪೋಳ್‌ಗೆ ಬಂದಾಗ ಮಾರ್ಗದರ್ಶಕನು ‘ದೋಶೀ’ ಎಂದರೆ ಬಟ್ಟೆಯ ವ್ಯಾಪಾರಿ ಎಂದು ವಿವರಿಸಿದನು. ವರ್ತಕರಿಗೆ ಹಳಗನ್ನಡದ ‘ದೂಸಿಗ’ ಎಂಬ ಶಬ್ದ ನೆನಪಾಯಿತು. ಅದರ ಅರ್ಥವೂ ಬಟ್ಟೆಯ ವ್ಯಾಪಾರಿ ಎಂದೇ. ಅಷ್ಟು ದೂರದ ಆ ಕೇರಿ ತಮ್ಮ ವೃತ್ತಿಬಾಂಧವರದೆಂದು ಅವರಿಗೆ ತೋರಿತು.

ಕೇರಿಯ ನಡುವಿನ ಜಿನಾಲಯವೊಂದರಲ್ಲಿ ಅವರು ದರ್ಶನ ಮಾಡಿದರು. ಶ್ವೇತಾಂಬರ ಸಂಪ್ರದಾಯದ ಆ ಮೂರ್ತಿಯ ಮುಂದೆ, ದಿಗಂಬರ ಶ್ರಾವಕರಾದ ಅವರು, ಭೇದವೆಣಿಸದೆ ಕೈಮುಗಿದರು. ಅಮೃತಶಿಲೆಯ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಪೂಜೆಗೆ ನಿಂತವರು ಸಂಬಳದ ಪೂಜಾರಿ ಮತ್ತು ಇಬ್ಬರು ಮುದುಕಿಯರು. ಈ ಮಂದಿರ ಕಟ್ಟಿಸಿದ ಮನೆತನದವರು ಎಲ್ಲಿ ಎಂದು ಕೇಳಿದಾಗ ಪೂಜಾರಿ ಪಶ್ಚಿಮದ ಕಡೆಗೆ ಕೈ ತೋರಿಸಿದನು. 1892ರಲ್ಲಿ ಎಲ್ಲಿಸ್ ಸೇತುವೆ ಕಟ್ಟಿದ ಮೇಲೆ ನದಿಯಾಚೆ ಬೆಳೆಯತೊಡಗಿದ ಹೊಸ ನಗರಕ್ಕೆ, ಉಳಿದ ಅನೇಕರಂತೆ, ಅವರೂ ಹೋಗಿದ್ದರು. ವರ್ಷಕ್ಕೊಮ್ಮೆ ಪ್ರತಿಷ್ಠೆಯ ದಿನ ಶಿಖರಕ್ಕೆ ಹೊಸ ಧ್ವಜ ಏರಿಸಲು ಬರುತ್ತಾರಂತೆ. ಉಳಿದ ದಿನಗಳ ಖರ್ಚಿಗೆ ಹಣ ತಪ್ಪದೆ ಕಳುಹಿಸುತ್ತಾರಂತೆ. ಚಬೂತರೊದ ಹಕ್ಕಿಗಳಿಗೆ ಕಾಳಿನ ಹಣವೂ ಬರುತ್ತದಂತೆ.

ಜಿನಾಲಯದ ಪಕ್ಕದ ಮನೆಯ ಜಗಲಿಯಲ್ಲಿ ಕುಳಿತಿದ್ದ ವೃದ್ಧರೊಬ್ಬರು ಇವರನ್ನು ಕರೆದು ಕೂರಿಸಿ ನೀರು ಕೊಟ್ಟರು. ಮಾತು ಹಿಂದಿಯಲ್ಲಿ ನಡೆಯಿತು. ಅವರ ಮನೆಯ ಎಡಗೋಡೆ ಮೇಲಿಂದ ಕೆಳಗಿನವರೆಗೆ ಹಸಿರು ಪಾಚಿ ಹಿಡಿದು ಉಬ್ಬಿತ್ತು. ಕಾರಣ ಕೇಳಿದಾಗ ವೃದ್ಧರು ಪಕ್ಕದ ಮನೆಯ ಬಾಗಿಲಿನ ಬೀಗವನ್ನು ತೋರಿಸಿದರು. ಆ ಮನೆಗೆ ಐವರು ಹಕ್ಕುದಾರರು, ನಾಲ್ಕು ಊರುಗಳಲ್ಲಿ ಇದ್ದಾರೆ. ಬೆಲೆ ಏರಲೆಂದು ಮಾರುವುದಿಲ್ಲ, ಒಮ್ಮತವಿಲ್ಲದೆ ದುರಸ್ತಿಯೂ ಇಲ್ಲ. ಎಂಟು ಮಳೆಗಾಲದ ಹಿಂದೆ ಒಂದು ಹೆಂಚು ಜರುಗಿತು. ವಾಸವಿದ್ದರೆ ಅಂದೇ ಸರಿಮಾಡುತ್ತಿದ್ದರು. ಬೀಗವಿದ್ದುದರಿಂದ ಯಾರೂ ನೋಡಲಿಲ್ಲ. ನೀರು ತೊಲೆಗೆ ಇಳಿಯಿತು, ತೊಲೆಯಿಂದ ಗೋಡೆಗೆ, ಗೋಡೆ ಇಬ್ಬರದೂ ಒಂದೇ. “ಅವರೇನು ಕೆಟ್ಟವರಲ್ಲ ಭಾಯಿ,” ಎಂದರು ಆ ವೃದ್ಧರು, “ಹಕ್ಕಿಗೆ ಕಾಳು ಹಾಕಿಸುವ ಪುಣ್ಯವಂತರು. ಈ ಗೋಡೆಯ ನೆನಪು ಮಾತ್ರ ಅವರಿಗಿಲ್ಲ.” ಸ್ವಲ್ಪ ಹೊತ್ತಿನ ಮೇಲೆ, ನಿಮ್ಮ ಊರಿನಲ್ಲಿಯೂ ಹೀಗೆ ಉಂಟೋ ಎಂದು ಕೇಳಿದರು. ವರ್ತಕರು ಉತ್ತರ ಕೊಡದೆ ನೀರಿನ ಲೋಟವನ್ನು ಕೆಳಗಿಟ್ಟರು.

ಮಧ್ಯಾಹ್ನ ಅವರು ಮತ್ತಷ್ಟು ವಿಚಾರಿಸಿಕೊಂಡರು. ಹಳೆಯ ನಗರ ಬರಿದಾಗಲು ಅಲ್ಲಿಯೂ ಕಾರಣಗಳು ಹಲವು. ಬಟ್ಟೆ ಗಿರಣಿಗಳು 1980ರ ದಶಕದಿಂದ ಒಂದೊಂದಾಗಿ ಮುಚ್ಚಿದವು. ಮತ್ತೆ ಮತ್ತೆ ನಡೆದ ಕೋಮುಗಲಭೆಗಳು ನೆರೆಹೊರೆಯ ನಂಬಿಕೆಯನ್ನು ಮುರಿದವು. 1947ರ ಬಾಡಿಗೆ ಕಾಯ್ದೆಯಿಂದ ಬಾಡಿಗೆ ಹೆಪ್ಪುಗಟ್ಟಿ, ಒಡೆಯರು ದುರಸ್ತಿಯ ಗೋಜಿಗೆ ಹೋಗಲಿಲ್ಲ. 2001ರ ಭೂಕಂಪ ಸೊರಗಿದ್ದ ಗೋಡೆಗಳನ್ನು ಇನ್ನಷ್ಟು ಸಡಿಲಿಸಿತು. ಅನೇಕ ಮನೆಗಳು ಗೋದಾಮುಗಳಾದವು. ಕೆಲವನ್ನು ಕೆತ್ತನೆಯ ಮರಕ್ಕಾಗಿಯೇ ಕೆಡವಿ ಮಾರಿದರು.

ಪುನರುಜ್ಜೀವನದ ಪ್ರಯತ್ನಗಳೂ ಸಣ್ಣವಲ್ಲ. ಎರಡು ಸಾವಿರಕ್ಕೂ ಮಿಕ್ಕ ಮನೆಗಳನ್ನು ಪಾರಂಪರಿಕವೆಂದು ಪಟ್ಟಿ ಮಾಡಲಾಗಿದೆ. ಅಂಥ ಮನೆಯನ್ನು ಕೆಡವದೆ ದುರಸ್ತಿ ಮಾಡಿದ ಒಡೆಯನು, ಆ ನಿವೇಶನದ ಮೇಲೆ ಇನ್ನೂ ಎಷ್ಟು ಅಂತಸ್ತು ಕಟ್ಟಲು ಅವಕಾಶವಿತ್ತೋ ಆ ಹಕ್ಕನ್ನು ನಗರದ ಬೇರೆ ಕಡೆ ಕಟ್ಟುವವರಿಗೆ ಮಾರಿಕೊಳ್ಳಬಹುದು. ಹಳೆಯ ಮನೆಯೂ ಉಳಿಯಿತು, ಒಡೆಯನಿಗೆ ನಷ್ಟವೂ ತುಂಬಿತು ಎಂಬ ಈ ಏರ್ಪಾಡನ್ನು ಲೆಕ್ಕ ಬಲ್ಲ ವರ್ತಕರು ಬಹಳವಾಗಿ ಮೆಚ್ಚಿದರು. ಭದ್ರ ಕೋಟೆಯಿಂದ ತೀನ್ ದರವಾಜೆಯವರೆಗಿನ ಬಯಲನ್ನು 2014ರಲ್ಲಿ ವಾಹನಗಳಿಂದ ಬಿಡಿಸಿ ನಡೆಯುವವರಿಗೆ ಕೊಟ್ಟರು. 2017ರ ಜುಲೈನಲ್ಲಿ ಯುನೆಸ್ಕೊ ಸಂಸ್ಥೆ ಅಹಮದಾಬಾದನ್ನು ವಿಶ್ವ ಪರಂಪರೆಯ ನಗರವೆಂದು ಘೋಷಿಸಿತು. ಭಾರತದ ಬೇರಾವ ನಗರಕ್ಕೂ ಅದಕ್ಕಿಂತ ಮೊದಲು ಆ ಗೌರವ ಸಂದಿರಲಿಲ್ಲ. ಇಷ್ಟೆಲ್ಲ ಆದರೂ ಆ ವೃದ್ಧರ ಪಕ್ಕದ ಮನೆಯ ಬೀಗ ತೆರೆದಿರಲಿಲ್ಲ. ಬಿರುದು, ಕಾನೂನು, ನಗರಪಾಲಿಕೆಯ ಹಣ ಇವು ಬಾಗಿಲ ತನಕ ಬರಬಲ್ಲವು. ಬೀಗದ ಕೈ ಒಡೆಯನ ಬಳಿಯೇ ಇರುತ್ತದೆ.

ಸಂಜೆ ಅವರು ಮಾಣೆಕ್ ಚೌಕಕ್ಕೆ ಹೋದರು. ನಗರದ ನಡುಮಧ್ಯದ ಆ ಚೌಕ ಬೆಳಿಗ್ಗೆ ತರಕಾರಿಯ ಸಂತೆ, ಹಗಲಿನಲ್ಲಿ ಚಿನ್ನ ಬೆಳ್ಳಿಯ ಪೇಟೆ. ರಾತ್ರಿ ಚಿನಿವಾರರು ಬಾಗಿಲು ಹಾಕಿದ ಮೇಲೆ ಅವರ ಅಂಗಡಿಗಳ ಮುಂದೆಯೇ ತಿಂಡಿಯ ಸಾಲು ಏಳುತ್ತದೆ. ಒಂದೇ ನೆಲ, ಒಂದೇ ದಿನದಲ್ಲಿ ಮೂರು ಬಗೆಯ ಜೀವನೋಪಾಯ. ಯಾವ ವಾಸ್ತುಶಿಲ್ಪಿಯೂ ಅದನ್ನು ರೂಪಿಸಿಲ್ಲ. ತನ್ನ ಹೊತ್ತು ಮುಗಿದ ಮೇಲೆ ಜಾಗವನ್ನು ಮತ್ತೊಬ್ಬನಿಗೆ ಬಿಟ್ಟುಕೊಡುವ ಒಂದು ರೂಢಿ ಮಾತ್ರ ಅಲ್ಲಿದೆ. ಪೇಟೆಯನ್ನು ಬದುಕಿಸುವುದು ಈ ರೂಢಿ, ಹೊಸ ಕಲ್ಲುಹಾಸಲ್ಲ ಎಂದು ವರ್ತಕರಿಗೆ ಮನವರಿಕೆಯಾಯಿತು.

ಅಜ್ಮೀರ್–ಮೈಸೂರು ಎಕ್ಸ್‌ಪ್ರೆಸ್ ರೈಲಿನ ದೀರ್ಘ ಪ್ರಯಾಣದಲ್ಲಿ ಅವರ ಮನಸ್ಸು ಒಂದೇ ಪ್ರಶ್ನೆಯ ಸುತ್ತ ತಿರುಗಿತು. ಅವರು ಅಣುವ್ರತಗಳನ್ನು ಸ್ವೀಕರಿಸಿದ್ದ ಶ್ರಾವಕರು. ಪರಿಗ್ರಹಪರಿಮಾಣ ವ್ರತದಲ್ಲಿ ತಮಗೆಷ್ಟು ಭೂಮಿ, ಎಷ್ಟು ಮನೆ, ಎಷ್ಟು ಚಿನ್ನ, ಎಷ್ಟು ಹಣ ಎಂದು ಗುರುಗಳ ಸನ್ನಿಧಿಯಲ್ಲಿ ಮಿತಿ ಹಾಕಿಕೊಂಡಿದ್ದರು. ಪ್ರತಿ ವರ್ಷ ಲೆಕ್ಕ ಮುಗಿಸುವಾಗ ಆ ಮಿತಿಯನ್ನೂ ಪರಿಶೀಲಿಸುತ್ತಿದ್ದರು. ಮನೆಗಳು ಎರಡು ಎಂದು ಬರೆದುಕೊಂಡಿದ್ದರು, ಎರಡೇ ಇದ್ದವು. ಅಂಕಿಯ ಪ್ರಕಾರ ವ್ರತಕ್ಕೆ ಅತಿಚಾರವಿಲ್ಲ.

ಆದರೆ ಶಾಸ್ತ್ರವು ಅಂಕಿಯಲ್ಲಿಗೇ ನಿಲ್ಲುವುದಿಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹುಡುಕದೆ ಅದರ ಮೇಲಿನ ಮೂರ್ಛೆಯಲ್ಲಿ ಗುರುತಿಸಿದ್ದಾರೆ. ಮಿತಿಯನ್ನು ಮೀರಬಾರದೆಂದು ಅದೇ ಅಧ್ಯಾಯ ಎಣಿಸುವ ಬಾಹ್ಯ ಪರಿಗ್ರಹಗಳಲ್ಲಿ ಮೊದಲಿನವು ಎರಡು, ಕ್ಷೇತ್ರ ಮತ್ತು ವಾಸ್ತು, ಎಂದರೆ ಹೊಲ ಮತ್ತು ಮನೆ. ವಾಸವಿರುವ ಮನೆಯಲ್ಲಿ ಉಪಯೋಗವಿದೆ, ಆಶ್ರಯವಿದೆ, ಅತಿಥಿಗೆ ಅನ್ನವಿದೆ. ಬೀಗ ಹಾಕಿದ ಮನೆಯಲ್ಲಿ ಇವೊಂದೂ ಇಲ್ಲ. ‘ನನ್ನದು’ ಎಂಬ ಭಾವ ಒಂದೇ ಅಲ್ಲಿ ವಾಸಿಸುತ್ತದೆ. ಹಾಗೆ ನೋಡಿದರೆ ಬಳಸುವ ಹತ್ತು ವಸ್ತುಗಳಿಗಿಂತ ಬಳಸದೆ ಹಿಡಿದಿಟ್ಟ ಒಂದು ವಸ್ತುವಿನಲ್ಲಿ ಮೂರ್ಛೆ ಹೆಚ್ಚು.

ಇನ್ನೊಂದು ವಿಚಾರ ಅವರನ್ನು ಹೆಚ್ಚು ಬಾಧಿಸಿತು. ಹಿಂಸೆಗೆ ಮೂಲ ಪ್ರಮಾದವೆಂದೂ ಅದೇ ಅಧ್ಯಾಯ ತಿಳಿಸುತ್ತದೆ. ಕೊಲ್ಲಬೇಕೆಂಬ ಉದ್ದೇಶವಿಲ್ಲದಿದ್ದರೂ ಅಜಾಗರೂಕತೆಯಿಂದ ಇತರರಿಗೆ ನೋವು ತಟ್ಟುವಂತೆ ನಡೆದರೆ ಶ್ರಾವಕನು ಅದರ ಹೊಣೆಯಿಂದ ಪಾರಾಗಲಾರ. ನೀರನ್ನು ಸೋಸಿ ಕುಡಿಯುವವರು, ದೀಪಕ್ಕೆ ಹುಳು ಬೀಳದಂತೆ ನೋಡಿಕೊಳ್ಳುವವರು, ಜರುಗಿದ ಒಂದು ಹೆಂಚನ್ನು ಎಂಟು ಮಳೆಗಾಲ ನೋಡದಿದ್ದರೆ ಅದಕ್ಕೆ ಹೆಸರೇನು?

ಮೈಸೂರು ತಲುಪಿದ ಮರುದಿನ ಅವರು ಬೀರುವಿನಿಂದ ಬೀಗದ ಕೈ ತೆಗೆದುಕೊಂಡು ಹಳೆಯ ಮನೆಗೆ ಹೋದರು. ತುಕ್ಕು ಹಿಡಿದಿದ್ದ ಬೀಗಕ್ಕೆ ಎಣ್ಣೆ ಬಿಟ್ಟು ತೆರೆಯಬೇಕಾಯಿತು. ತೊಟ್ಟಿಯಲ್ಲಿ ಮೊಳಕಾಲೆತ್ತರ ಕಸ, ಅಡಿಗೆಮನೆಯ ಮೂಲೆಯಲ್ಲಿ ಅರಳಿಯ ಗಿಡ. ಪೂರ್ವದ ಕಡೆಯ ಹೆಂಚು ಒಡೆದು ನೀರಿಳಿದ ಗೋಡೆ, ಅಹಮದಾಬಾದಿನ ಆ ಗೋಡೆಯ ಹಾಗೆಯೇ, ಪಾಚಿ ಹಿಡಿದು ಉಬ್ಬಿತ್ತು. ಆ ಗೋಡೆಯಾಚೆ ಹೂ ಕಟ್ಟಿ ದೇವರಾಜ ಮಾರುಕಟ್ಟೆಗೆ ಒಯ್ದು ಮಾರುವ ವಿಧವೆಯೊಬ್ಬರು ಮೊಮ್ಮಗಳೊಡನೆ ಇದ್ದರು. ಬಾಗಿಲ ಸದ್ದು ಕೇಳಿ ಅವರು ಹೊರಬಂದರು. ಸೋರುತ್ತಿದೆಯೇ ಎಂದು ವರ್ತಕರು ಕೇಳಿದರು. ಮೂರು ವರ್ಷಗಳಿಂದ ಮಳೆ ಬಂದಾಗಲೆಲ್ಲ ಆ ಕಡೆ ಪಾತ್ರೆ ಇಟ್ಟು ಮಲಗುವುದಾಗಿ ಆಕೆ ಹೇಳಿದರು. ಯಾಕೆ ಹೇಳಿಕಳುಹಿಸಲಿಲ್ಲ ಎಂದುದಕ್ಕೆ, “ನೀವು ದೊಡ್ಡೋರು ಯಜಮಾನ್ರೇ, ಮನೆ ಮಾರೋ ಯೋಚ್ನೇಲಿ ಇದ್ದೀರಿ ಅಂದ್ರು. ಹೆಂಗಿದ್ರೂ ಬೀಳ್ಸೋ ಮನೆಗೆ ಯಾಕೆ ತೊಂದ್ರೆ ಕೊಡ್ಲಿ ಅಂತ ಸುಮ್ನಿದ್ದೆ” ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ವರ್ತಕರು ಪರಿಹಾರ ಕೊಟ್ಟು ನಿಶ್ಚಿಂತರಾಗಿರುತ್ತಿದ್ದರೋ ಏನೋ.

ಮನೆಯಲ್ಲಿ ಚರ್ಚೆ ನಡೆಯಿತು. ಹಿರಿಯ ಮಗ ವ್ಯವಹಾರಸ್ಥ. ದುರಸ್ತಿಗೆ ಹಾಕುವ ಹಣ ಬಾಡಿಗೆಯಿಂದ ಹದಿನೈದು ವರ್ಷವಾದರೂ ಮರಳುವುದಿಲ್ಲ, ಮಾರಿ ಬ್ಯಾಂಕಿನಲ್ಲಿಟ್ಟರೆ ಬಡ್ಡಿಯೇ ಹೆಚ್ಚು ಎಂದು ಅವನು ಕಾಗದದ ಮೇಲೆ ತೋರಿಸಿದನು. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಂದೆ ಅದೇ ಕಾಗದದ ಕೆಳಗೆ ಒಂದು ಸಾಲು ಸೇರಿಸಿದರು: ‘ನೆರೆಮನೆಯ ಗೋಡೆ, ಮೂರು ವರ್ಷ.’ ಇದರ ಮೊತ್ತ ಎಷ್ಟೆಂದು ಬರೆಯಲು ಮಗನಿಗೆ ಹೇಳಿದರು. ಮಗ ಬರೆಯಲಿಲ್ಲ. ಒಪ್ಪಿದನೆಂದೂ ಹೇಳಲಾಗದು. ತಂದೆಯ ಇಷ್ಟದಂತೆ ಆಗಲಿ ಎಂದು ಎದ್ದುಹೋದನು.

ಮೊದಲು ನೆರೆಮನೆಯ ಗೋಡೆ ದುರಸ್ತಿಯಾಯಿತು. ಹಳೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆಂದು ತಿಳಿದವರು ಹೇಳಿದ್ದರಿಂದ ಸುಣ್ಣದ ಗಾರೆಯ ಕೆಲಸ ಬಲ್ಲ ಒಬ್ಬ ಮುದಿ ಮೇಸ್ತ್ರಿಯನ್ನು ಹುಡುಕಿ ತಂದರು. ಆತನ ಕೈಕೆಳಗೆ ಇಬ್ಬರು ಹುಡುಗರು ಆ ಕೆಲಸ ಕಲಿತರು. ಬಳಿಕ ಮನೆಗೆ ಹೆಂಚು ಬಂತು, ತೊಲೆಗಳಿಗೆ ಎಣ್ಣೆ ಬಂತು. ಹಿಂಭಾಗದ ವಾಸದ ಮನೆಯನ್ನು ಬಸದಿಯ ಪುರೋಹಿತರ ಕುಟುಂಬಕ್ಕೆ ಕೊಟ್ಟರು. ಅಂದಿನಿಂದ ಅಭಿಷೇಕಕ್ಕೆ ಬಸ್ಸಿನ ದಾರಿ ಕಾಯುವುದು ತಪ್ಪಿತು. ಮುಂಭಾಗದ ಅಂಗಡಿಯನ್ನು ಇಬ್ಬರು ದರ್ಜಿಗಳಿಗೆ ಬಾಡಿಗೆಗೆ ಕೊಟ್ಟರು. ಅವರು ಹತ್ತು ಗಂಟೆಗೆ ಬಾಗಿಲು ತೆಗೆಯುವವರೆಗೆ ಮುಂದಿನ ಜಗಲಿ ನೆರೆಮನೆಯ ಹೂವಿನವರದು. ಬಾಡಿಗೆಯನ್ನು ಬಿಟ್ಟುಕೊಡಲಿಲ್ಲ. ಮನೆಯ ಪಾಲನೆಗೆ ಸಾಕಾಗುವಷ್ಟು ಬಾಡಿಗೆ, ಬರವಣಿಗೆಯಲ್ಲಿ ಕರಾರು, ಕಾಲಕಾಲಕ್ಕೆ ರಸೀತಿ. ದಯೆಯಿಂದ ನಡೆಯುವ ಕೆಲಸಕ್ಕೂ ಲೆಕ್ಕವಿರಬೇಕು, ಇಲ್ಲದಿದ್ದರೆ ಮುಂದಿನ ತಲೆಮಾರು ಅದನ್ನು ಮುಂದುವರಿಸಲಾರದು ಎಂಬುದು ಅವರ ನಿಲುವು.

ಟ್ರಸ್ಟಿನ ಸಭೆ ಮತ್ತೆ ಸೇರಿದಾಗ ತಾವೇ ಬರೆದ ಪ್ರಸ್ತಾಪವನ್ನು ಮರುಪರಿಶೀಲಿಸಬೇಕೆಂದು ವರ್ತಕರು ಕೇಳಿಕೊಂಡರು. ಕೆಲವರು ನಕ್ಕರು, ಒಬ್ಬಿಬ್ಬರು ಸಿಟ್ಟಾದರು. ಬಡಾವಣೆಯಲ್ಲಿರುವ ವೃದ್ಧರು ಇಷ್ಟು ದೂರ ಹೇಗೆ ಬರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಅದಕ್ಕೆ ಅವರು ಎದುರಾಡಲಿಲ್ಲ. ಬಡಾವಣೆಯಲ್ಲಿ ಪ್ರಾರ್ಥನಾಮಂದಿರ ಆಗಲಿ, ಆದರೆ ಹಳೆಯ ಬಸದಿಯ ಮೂರ್ತಿಗಳನ್ನು ಅಲುಗಿಸುವುದು ಬೇಡ. ಛತ್ರವನ್ನು ಕೆಡವುವ ಬದಲು ದುರಸ್ತಿ ಮಾಡಿ ಊರಿಗೆ ಓದಲು ಬರುವ ವಿದ್ಯಾರ್ಥಿಗಳಿಗೆ ಕೊಡೋಣ ಎಂದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ದಾನಗಳನ್ನು ಹೇಳುವಾಗ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ಎಣಿಸಿದೆ. ಸತ್ಪಾತ್ರರಿಗೆ ತಂಗುವ ಸ್ಥಳ ಕೊಡುವುದೂ ದಾನವೇ. ಮುನಿಗಳ ಸೇವೆಯನ್ನು ಕುರಿತು ಬಂದ ಆ ಮಾತಿನ ನೆರಳಿನಲ್ಲಿ ಓದುವ ಬಡ ಮಕ್ಕಳಿಗೂ ಒಂದಿಷ್ಟು ಜಾಗವಿರಲಿ ಎಂದು ಅವರು ವಿನಂತಿಸಿದರು. ಸಭೆ ಎರಡು ತಾಸು ನಡೆದು, ಛತ್ರದ ವಿಚಾರ ಒಂದು ಮತದ ಅಂತರದಿಂದ ತೀರ್ಮಾನವಾಯಿತು.

ಆ ಬೀದಿ ಇದರಿಂದ ಮಾರ್ಪಟ್ಟಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಎದುರಿನ ಎರಡು ಮನೆಗಳು ಮಾರಾಟವಾಗಿ ಪ್ಲಾಸ್ಟಿಕ್ ಸಾಮಾನಿನ ಗೋದಾಮುಗಳಾದವು. ಸರಕು ಇಳಿಸುವ ವಾಹನಗಳು ಮಧ್ಯಾಹ್ನವೆಲ್ಲ ದಾರಿ ಕಟ್ಟುತ್ತವೆ. ಚರಂಡಿಯ ದೂರು ನಗರಪಾಲಿಕೆಯಲ್ಲಿ ಹಾಗೆಯೇ ಇದೆ. ಛತ್ರದ ದುರಸ್ತಿ ಕೋವಿಡ್ ಕಾಲದಲ್ಲಿ ನಿಂತು ಎರಡು ವರ್ಷ ತಡವಾಯಿತು. ಆದರೆ ಇಂದು ಛತ್ರದ ಕೋಣೆಗಳಲ್ಲಿ ವಿದ್ಯಾರ್ಥಿಗಳಿದ್ದಾರೆ. ಬೆಳಗಿನ ಅಭಿಷೇಕಕ್ಕೆ ನಾಲ್ವರ ಬದಲು ಹನ್ನೆರಡು, ಹದಿನೈದು ಮಂದಿ ನಿಲ್ಲುತ್ತಾರೆ. ವಿದ್ಯಾರ್ಥಿಗಳು ರಾತ್ರಿ ಹಿಂದಿರುಗುವ ಕಾರಣ ಬೀದಿಯ ತುದಿಯ ಹಾಲಿನ ಅಂಗಡಿ ಹತ್ತರವರೆಗೆ ತೆರೆದಿರುತ್ತದೆ. ಅಂಗಡಿ ತೆರೆದಿರುವುದರಿಂದ ಹೂವಿನಾಕೆಯ ಮೊಮ್ಮಗಳು ಟ್ಯೂಷನ್ನಿನಿಂದ ಹೆದರದೆ ನಡೆದು ಬರುತ್ತಾಳೆ. ಪೇಟೆಯ ಪುನರುಜ್ಜೀವನ ಎಂಬ ದೊಡ್ಡ ಮಾತು ಕೊನೆಗೆ ಇಂಥ ಕೊಂಡಿಗಳಾಗಿಯೇ ನಡೆಯುತ್ತದೆ.

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಭಗವಾನ್ ಋಷಭದೇವರು ಜನರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದ ಪ್ರಸಂಗದಲ್ಲಿಯೇ ಗ್ರಾಮ, ನಗರ, ಪತ್ತನಗಳ ರಚನೆಯ ವಿಚಾರವೂ ಬರುತ್ತದೆ. ಊರು ಕಟ್ಟುವುದೂ ವ್ಯಾಪಾರ ಮಾಡುವುದೂ ಜನರ ಬದುಕಿಗೆ ಆಧಾರವಾಗಿ ಒಂದೇ ಕಾಲಕ್ಕೆ ಬಂದ ವಿದ್ಯೆಗಳೆಂಬ ಭಾವನೆ ಅಲ್ಲಿದೆ. ಆದ್ದರಿಂದ ವರ್ತಕನಾದವನು ಪೇಟೆಯಿಂದ ಲಾಭವನ್ನು ಮಾತ್ರ ಪಡೆದು, ಅದು ಸೊರಗಿದಾಗ ಬೀಗ ಹಾಕಿ ಹೊರಟರೆ ಆ ವಿದ್ಯೆಯ ಅರ್ಧವನ್ನು ಮರೆತಂತೆ.

ಹೊಸ ಬಡಾವಣೆಗೆ ಹೋಗುವುದು ತಪ್ಪಲ್ಲ. ಮಕ್ಕಳ ಅನುಕೂಲಕ್ಕೆ, ಆರೋಗ್ಯಕ್ಕೆ, ಉದ್ಯೋಗಕ್ಕೆ ಜನ ಸ್ಥಳ ಬದಲಿಸುವುದು ಲೋಕರೂಢಿ. ಹೋಗುವಾಗ ಹಿಂದೆ ಬಿಟ್ಟದ್ದನ್ನು ಬೇರೆಯವರ ಬದುಕಿಗೆ ಒದಗುವಂತೆ ಬಿಟ್ಟುಹೋದರೆ ಅದು ತ್ಯಾಗವಾಗುತ್ತದೆ. ಬಾಡಿಗೆಗೆ ಕೊಡಬಹುದು, ವಾಸಕ್ಕೆ ಬರುವವರಿಗೆ ಮಾರಬಹುದು, ಸಮಾಜದ ಉಪಯೋಗಕ್ಕೆ ಒಪ್ಪಿಸಬಹುದು. ಇವು ಮೂರೂ ಆಗದಿದ್ದರೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಬೀಗ ತೆಗೆದು ಮಾಡನ್ನಾದರೂ ನೋಡಬಹುದು. ಪರ್ಯುಷಣ ಪರ್ವದಲ್ಲಿ ಕ್ಷಮಾಪಣೆ ಬೇಡುವಾಗ ತಿಳಿದೋ ತಿಳಿಯದೆಯೋ ಮಾಡಿದ ಅಪರಾಧಗಳನ್ನು ಶ್ರಾವಕರು ನೆನೆಯುತ್ತಾರೆ. ಹಳೆಯ ಬೀದಿಯಲ್ಲಿ ಮನೆಯುಳ್ಳ ಕುಟುಂಬಗಳೂ ಆಸ್ತಿಯುಳ್ಳ ಟ್ರಸ್ಟುಗಳೂ ಆ ದಿನ ಬೀರುವಿನಲ್ಲಿರುವ ಬೀಗದ ಕೈಗಳನ್ನು ಒಮ್ಮೆ ಎಣಿಸಿದರೆ, ಪ್ರತಿಯೊಂದು ಬಾಗಿಲಿನ ಪಕ್ಕದ ಗೋಡೆಯಾಚೆ ಯಾರಿದ್ದಾರೆಂದು ವಿಚಾರಿಸಿದರೆ, ಕ್ಷಮಾಪಣೆ ಅಷ್ಟರಮಟ್ಟಿಗೆ ಸಾರ್ಥಕವಾದೀತು.